ಶಾಲೆಗೆ ಕಳುಹಿಸಬಾರದ ದಿನಗಳು

ನಮ್ಮ ಶಾಲೆಯಿಂದ ಪೋಷಕರ ಮನೆಗಳಿಗೆ ವರ್ಷವರ್ಷವೂ ಹೋಗುವ ಕಾಗದಗಳಲ್ಲಿ ಎಲ್ಲಕ್ಕಿಂತ ಕಡಮೆ ಓದಿಸಿಕೊಳ್ಳುವುದು ಆರೋಗ್ಯದ ನಿಯಮಗಳ ಕಾಗದವೆಂಬುದು ನಮಗೆ ಗೊತ್ತಿದೆ. ಶುಲ್ಕದ ಕಾಗದವನ್ನು ತಂದೆಯವರು ಓದುತ್ತಾರೆ. ಪರೀಕ್ಷೆಯ ವೇಳಾಪಟ್ಟಿಯನ್ನು ತಾಯಿಯವರು ಗೋಡೆಗೆ ಅಂಟಿಸುತ್ತಾರೆ. ರಜಾದಿನಗಳ ಪಟ್ಟಿಯನ್ನು ಬಾಲಿಕೆಯರೇ ಬಾಯಿಪಾಠ ಮಾಡಿಬಿಡುತ್ತಾರೆ. ಆರೋಗ್ಯದ ಕಾಗದವಾದರೋ ಸಹಿಯಾಗಿ ಮಾರನೆಯ ದಿನವೇ ಹಿಂದಿರುಗುತ್ತದೆ. ಅದರ ಮೇಲೆ ಸಹಿ ಇದ್ದಮಾತ್ರಕ್ಕೆ ಅದನ್ನು ಓದಿದ್ದಾರೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಇದರಲ್ಲಿ ತಪ್ಪು ಪೋಷಕರದು ಮಾತ್ರವೇ ಎಂದು ಹೇಳುವ ಹಾಗೂ ಇಲ್ಲ. ಇಂಥದನ್ನು ಮಾಡತಕ್ಕದ್ದು, ಇಂಥದನ್ನು ಮಾಡಕೂಡದು ಎಂದು ನಾವು ಬರೆದೆವೇ ಹೊರತು ಏಕೆ ಎಂಬುದನ್ನು ಬರೆಯಲಿಲ್ಲ. ಈ ಸ್ಮರಣಸಂಚಿಕೆಯಲ್ಲಿ ನಮಗೆ ದೊರೆತಿರುವ ಕೆಲವು ಪುಟಗಳನ್ನು ಆ ಏಕೆ ಎಂಬುದಕ್ಕಾಗಿಯೇ ಉಪಯೋಗಿಸಿಕೊಳ್ಳುತ್ತೇವೆ.

ಇದನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರಾದವರು, ಎಂದರೆ ೧೯೭೫ಕ್ಕೆ ಮೊದಲು ಹುಟ್ಟಿದವರು, ತಮ್ಮ ತೋಳನ್ನೊಮ್ಮೆ ನೋಡಿಕೊಳ್ಳಲಿ. ಕಾಸಿನಗಲದ ಒಂದೆರಡು ಗುರುತುಗಳು ಅಲ್ಲಿ ಇರುವುದು ಬಹಳ ಸಂಭವ. ಅವು ದೇವಿ ಹಾಕಿಸಿದ ಗುರುತುಗಳು. (ಕಿರಿಯರ ಎಡತೋಳಿನ ಮೇಲಿರುವ ಚಿಕ್ಕ ಕಲೆ ಬೇರೆ, ಅದು ಕ್ಷಯರೋಗದ ತಡೆಗಾಗಿ ಶಿಶುವಿಗೆ ಹಾಕುವ ಬಿ.ಸಿ.ಜಿ. ಲಸಿಕೆಯದು.) ತಗುಲಿದ ಹತ್ತು ಮಂದಿಯಲ್ಲಿ ಮೂವರನ್ನು ಕೊಂಡೊಯ್ಯುತ್ತಿದ್ದ, ಉಳಿದವರಲ್ಲಿ ಎಷ್ಟೋ ಮಂದಿಯ ಕಣ್ಣನ್ನೂ ಮುಖವನ್ನೂ ಕೆಡಿಸುತ್ತಿದ್ದ ಸಿಡುಬಿಗೆ ೧೭೯೬ರಲ್ಲಿ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯನು ಉಪಾಯವನ್ನು ಕಂಡುಹಿಡಿದನು. ಆರು ವರ್ಷಗಳೊಳಗಾಗಿ ಅದು ಹಿಂದೂದೇಶವನ್ನು ಮುಟ್ಟಿತು. ೧೮೦೨ನೆಯ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಈ ದೇಶದಲ್ಲೇ ಮೊಟ್ಟಮೊದಲು ಆ ಲಸಿಕೆ ಫಲಿಸಿದ್ದು ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ. ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾಲುಂಟು. ೧೮೦೫ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಪಟವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರು ಮೈಸೂರು ಅರಮನೆಯವರೆಂದೂ, ಅವರಲ್ಲಿ ಕಿರಿಯರೊಬ್ಬರು ಸೆರಗು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಸ್ಥಳವನ್ನು ಜನಕ್ಕೆ ತೋರಿಸಲೆಂದೂ ಚರಿತ್ರಕಾರರು ಅಭಿಪ್ರಾಯಪಟ್ಟಿದ್ದಾರೆ. ಅರಮನೆಯ ಹೆಣ್ಣುಮಕ್ಕಳು ಹಾಕಿಸಿಕೊಂಡರೆಂದ ಮೇಲೆ ಊರಿನವರು ಹೆದರಬೇಕಾದ್ದಿಲ್ಲ ಎಂಬುದು ಅದರ ಇಂಗಿತವಂತೆ. ಬೆಳಗಾವಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಇಂದಿಗೂ ಒಂದು ಬಯಲಿಗೆ ಉಳಿದಿದೆ. ಅಲ್ಲಿ ಆಟವಾಡುವ ಮಕ್ಕಳಿಗೆ ಆ ಹೆಸರು ಏಕೆ ಬಂತೆಂದು ತಿಳಿದಿರಲಾರದು. ನಮ್ಮ ದೇಶದಲ್ಲಿ ಸಿಡುಬಿನ ಕಡೆಯ ರೋಗಿ ಕಂಡುಬಂದದ್ದು ೧೯೭೫ರಲ್ಲಿ. ಲೋಕದಿಂದಲೇ ಅದು ತೊಲಗಿತೆಂದು ೧೯೮೦ರಲ್ಲಿ ಸಾರಲಾಯಿತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಸಿಡುಬನ್ನು ಕಣ್ಣಾರೆ ಕಂಡಿದ್ದ ಅಜ್ಜಿಯರಿಗೆ ಲಸಿಕೆಯ ಪ್ರಯೋಜನವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟಲಮಾರಿಯನ್ನಾಗಲಿ ಪೋಲಿಯೋವನ್ನಾಗಲಿ ನೋಡದೆ ಬೆಳೆದ ಇಂದಿನ ತಂದೆತಾಯಿಗಳಿಗೆ ಸೂಜಿಯ ನೋವು ಮಾತ್ರ ಕಾಣುತ್ತದೆ. ಅದು ತಡೆದ ರೋಗ ಕಾಣುವುದಿಲ್ಲ.

ಶಾಲೆಗೆ ಸೇರುವ ಹೊತ್ತಿಗೆ ಲಸಿಕೆಗಳೆಲ್ಲ ಮುಗಿದವೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ಐದಾರು ವರ್ಷದಲ್ಲಿ ಡಿ.ಪಿ.ಟಿ.ಯ ಎರಡನೆಯ ಪುಷ್ಟಿಯನ್ನೂ, ಹತ್ತನೆಯ ವರ್ಷದಲ್ಲಿ ಒಮ್ಮೆ, ಹದಿನಾರನೆಯ ವರ್ಷದಲ್ಲಿ ಮತ್ತೊಮ್ಮೆ ಟಿ.ಡಿ. ಎಂಬುದನ್ನೂ ಹಾಕಿಸತಕ್ಕದ್ದೆಂದು ಸರ್ಕಾರದ ಪಟ್ಟಿಯಲ್ಲಿದೆ. ಹಿಂದೆ ಈ ವಯಸ್ಸಿನಲ್ಲಿ ಧನುರ್ವಾಯುವಿನ ಲಸಿಕೆಯೊಂದನ್ನೇ ಹಾಕುತ್ತಿದ್ದರು. ಈಗಿನದರಲ್ಲಿ ಗಂಟಲಮಾರಿಯದೂ ಸೇರಿದೆ. ಶೈಶವದಲ್ಲಿ ಪಡೆದ ರಕ್ಷಣೆ ಹತ್ತು ಹದಿನೈದು ವರ್ಷಗಳಲ್ಲಿ ಕ್ಷೀಣಿಸುತ್ತ ಬರುವುದೇ ಇದಕ್ಕೆ ಕಾರಣ. ೨೦೧೬ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಕಾಣಿಸಿಕೊಂಡಾಗ ಅದಕ್ಕೆ ತುತ್ತಾದವರು ಕೈಗೂಸುಗಳಲ್ಲ. ಪ್ರೌಢಶಾಲೆಗೆ ಹೋಗುವ ವಯಸ್ಸಿನವರೂ ಅದರಲ್ಲಿದ್ದರು, ಸತ್ತವರೂ ಉಂಟು. ವಿದ್ಯಾವಂತರಿರುವ, ಆಸ್ಪತ್ರೆಗಳಿರುವ ಸೀಮೆಯಲ್ಲೇ ಹೀಗಾಯಿತು.

ಆದಕಾರಣ ಪ್ರವೇಶದ ಕಾಲದಲ್ಲಿ ಬಾಲಿಕೆಯ ತಾಯಿ ಕಾರ್ಡನ್ನಾಗಲಿ ವೈದ್ಯರು ಕೊಟ್ಟ ಲಸಿಕೆಯ ಪುಸ್ತಕವನ್ನಾಗಲಿ ತಂದು ತೋರಿಸಬೇಕೆಂದು ಕೇಳುತ್ತೇವೆ. ಅದು ಇಲ್ಲವೆಂದು ಯಾವ ಬಾಲಿಕೆಯನ್ನೂ ನಾವು ಹಿಂದಕ್ಕೆ ಕಳುಹಿಸುವುದಿಲ್ಲ. ಈ ಮಾತನ್ನು ದಪ್ಪಕ್ಷರದಲ್ಲಿ ಬರೆಯಬೇಕೆಂದಿದ್ದೆವು. ಏಕೆಂದರೆ ಕಾರ್ಡು ಕಳೆದುಹೋಗಿದ್ದರೆ ಕೆಲವರು ಹೆದರಿ, ಎಲ್ಲವೂ ಆಗಿದೆಯೆಂದು ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. ಆಗಿದೆಯೋ ಇಲ್ಲವೋ ತಿಳಿಯದೆಂದು ನಿಜವನ್ನು ಹೇಳಿದರೆ ಆರೋಗ್ಯ ಕೇಂದ್ರದಲ್ಲಿ ವಯಸ್ಸಿಗೆ ತಕ್ಕಂತೆ ಬಿಟ್ಟುಹೋದುದನ್ನು ಹಾಕಿಸಬಹುದು. ಒಮ್ಮೆ ಹಾಕಿದ್ದರೂ ಮತ್ತೊಮ್ಮೆ ಹಾಕಿದುದರಿಂದ ಸಾಧಾರಣವಾಗಿ ಕೇಡಿಲ್ಲ.

ಬಾಲಿಕೆಯರ ಶಾಲೆಯಾದುದರಿಂದ ರುಬೆಲ್ಲ ಎಂಬ ಜಾಡ್ಯದ ವಿಷಯವಾಗಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಇದಕ್ಕೆ ಜರ್ಮನ್ ದಡಾರವೆಂದೂ ಹೆಸರು. ಹುಡುಗಿಗೆ ಬಂದರೆ ಎರಡು ಮೂರು ದಿನ ಸಣ್ಣ ಜ್ವರ, ಮೈಮೇಲೆ ತಿಳಿಗೆಂಪು ಗಂಧೆ, ಅಷ್ಟರಲ್ಲಿ ಮುಗಿಯಿತು. ಇಂಥ ಅಲ್ಪವಾದ ಕಾಯಿಲೆಗೆ ಲಸಿಕೆಯೇಕೆ ಎಂದು ಕೇಳುವವರಿದ್ದಾರೆ. ೧೯೪೧ರಲ್ಲಿ ಆಸ್ಟ್ರೇಲಿಯಾ ದೇಶದ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯನು, ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಶಿಶುಗಳು ಒಂದರಮೇಲೊಂದು ತನ್ನ ಬಳಿಗೆ ಬರುವುದನ್ನು ಕಂಡು, ಅವುಗಳ ತಾಯಂದಿರನ್ನು ವಿಚಾರಿಸಿದನು. ಬಸುರಿಯಾಗಿದ್ದ ಮೊದಲ ತಿಂಗಳುಗಳಲ್ಲಿ ಅವರಲ್ಲಿ ಹೆಚ್ಚಿನವರಿಗೆ ರುಬೆಲ್ಲ ಬಂದಿತ್ತು. ತಾಯಿಗೆ ಮೂರು ದಿನದ ಗಂಧೆಯಾದುದು ಮಗುವಿಗೆ ಜನ್ಮಕ್ಕಂಟಿದ ಕುರುಡೋ ಕಿವುಡೋ ಹೃದಯದ ದೋಷವೋ ಆಗುತ್ತದೆ. ಬಸುರಿನಲ್ಲಿ ಈ ಲಸಿಕೆಯನ್ನು ಹಾಕುವಂತಿಲ್ಲ. ಬಹಳ ಮುಂಚೆಯೇ ಹಾಕಿಸಿರಬೇಕು. ಈಗಿನ ಶಿಶುಗಳಿಗೆ ಒಂಬತ್ತು ತಿಂಗಳಾದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ದಡಾರ ಮತ್ತು ರುಬೆಲ್ಲ ಎರಡಕ್ಕೂ ಸೇರಿಸಿ ಹಾಕುತ್ತಾರೆ.

೨೦೧೭ನೆಯ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಇದನ್ನು ಶಾಲೆಶಾಲೆಗಳಲ್ಲಿ ಹಾಕಿದುದು ಅನೇಕರ ನೆನಪಿನಲ್ಲಿರಬಹುದು. ಆ ದಿನಗಳಲ್ಲಿ ಫೋನುಗಳಲ್ಲಿ ಹರಿದಾಡಿದ ಸುಳ್ಳುಗಳೂ ನೆನಪಿನಲ್ಲಿರಬಹುದು. ಹೆಣ್ಣುಮಕ್ಕಳಿಗೆ ಮುಂದೆ ಸಂತಾನವಾಗದಂತೆ ಮಾಡುವ ಮದ್ದಿದು ಎಂದು ಬರೆದಿದ್ದವನು ಯಾರೋ, ಅದನ್ನು ನಂಬಿ ಮಗಳನ್ನು ಆ ದಿನ ಮನೆಯಲ್ಲೇ ಇರಿಸಿಕೊಂಡ ತಾಯಂದಿರು ನಮ್ಮವರೇ. ಅವರನ್ನು ನಾವು ಗದರಿಸಿದೆವು. ಗದರಿಸಬಾರದಾಗಿತ್ತು. ಮಗಳ ಮುಂದಿನ ಸಂತಾನದ ಚಿಂತೆಯಿಂದಲೇ ಅವರು ಹಾಗೆ ಮಾಡಿದರು. ಆ ಸಂತಾನವನ್ನು ಕಾಯುವುದಕ್ಕಾಗಿಯೇ ಈ ಲಸಿಕೆ ಎಂಬುದನ್ನು ಅವರಿಗೆ ಯಾರೂ ಕುಳಿತು ಹೇಳಿರಲಿಲ್ಲ. ಅಂದಿನಿಂದ ಲಸಿಕೆಯ ದಿನಕ್ಕೆ ಒಂದು ವಾರ ಮೊದಲು ತಾಯಂದಿರನ್ನು ಕರೆದು, ದಾದಿಯಮ್ಮನವರನ್ನು ಅವರೆದುರಿಗೆ ಕೂರಿಸಿ, ಏನು ಬೇಕಾದರೂ ಕೇಳಬಹುದೆಂದು ಬಿಟ್ಟುಬಿಡುತ್ತೇವೆ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯ ವಿಷಯವಾಗಿ ಈಗ ಹೆಚ್ಚು ಪ್ರಶ್ನೆಗಳು ಬರುತ್ತವೆ. ಅದನ್ನು ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸುವುದು ಉತ್ತಮವೆಂದೂ, ಆ ವಯಸ್ಸಿನಲ್ಲಿ ಒಂದೇ ಸಲ ಹಾಕಿದರೂ ಸಾಕಾಗಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಹೇಳಿದೆ. ಸಿಕ್ಕಿಂ ರಾಜ್ಯದವರು ೨೦೧೮ರಲ್ಲೇ ಶಾಲೆಗಳ ಮೂಲಕ ತಮ್ಮ ಹುಡುಗಿಯರಿಗೆ ಹಾಕಿಸಿದರು.

ಲಸಿಕೆಯ ದಿನ ಹುಡುಗಿಗೆ ಬೆಳಗಿನ ತಿಂಡಿಯನ್ನು ತಪ್ಪದೆ ಕೊಟ್ಟು ಕಳುಹಿಸಿರಿ. ದೊಡ್ಡ ತರಗತಿಗಳಲ್ಲಿ ಒಬ್ಬಳು ಸೂಜಿಯನ್ನು ಕಂಡು ತಲೆತಿರುಗಿ ಬಿದ್ದರೆ ಸಾಲಿನಲ್ಲಿ ನಿಂತ ಇನ್ನು ನಾಲ್ವರು ಬೀಳುತ್ತಾರೆ. ಅದು ಮದ್ದಿನ ದೋಷವಲ್ಲ, ಹೆದರಿಕೆಯ ಕೆಲಸ. ಅದಕ್ಕಾಗಿ ಸಾಲು ನಿಲ್ಲಿಸುವುದನ್ನು ಬಿಟ್ಟು, ತೆರೆಯ ಹಿಂದೆ ಒಬ್ಬೊಬ್ಬಳನ್ನೇ ಕೂರಿಸಿ ಹಾಕಿಸುತ್ತೇವೆ; ಆಮೇಲೆ ಅರ್ಧ ಗಂಟೆ ಕಣ್ಣಳತೆಯಲ್ಲೇ ಇರಿಸಿಕೊಳ್ಳುತ್ತೇವೆ.

ಇನ್ನು ಈ ಲೇಖನದ ತಲೆಬರಹದ ವಿಷಯ. ಇದನ್ನು ಬರೆಯುವುದು ನಮಗೆ ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ವಾರ್ಷಿಕ ಪರೀಕ್ಷೆ ನಡೆಯುತ್ತಿದ್ದಾಗ, ಮಾರ್ಚ್ ತಿಂಗಳ ಸೆಕೆಯಲ್ಲಿ, ಒಬ್ಬ ಬಾಲಿಕೆ ಉದ್ದ ತೋಳಿನ ಸ್ವೆಟರು ತೊಟ್ಟು ಬಂದಳು. ಕೇಳಿದುದಕ್ಕೆ ಚಳಿಯೆಂದಳು. ಮುಖಕ್ಕೆ ಪೌಡರು ದಟ್ಟವಾಗಿ ಹಚ್ಚಿತ್ತು. ಮೇಲ್ವಿಚಾರಣೆಗೆ ನಿಂತಿದ್ದ ನಮಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ನಾಲ್ಕು ದಿನ ಹಾಗೆಯೇ ಬಂದು ಪರೀಕ್ಷೆ ಬರೆದಳು. ಅವಳಿಗೆ ಬಂದಿದ್ದುದು ಸೀತಾಳೆ ಸಿಡುಬು, ಎಂದರೆ ಚಿಕನ್ ಪಾಕ್ಸ್. ಅವಳ ಮುಂದಿನ ಬೆಂಚಿನಲ್ಲಿ ಕುಳಿತಿದ್ದವಳು ಮೂತ್ರಪಿಂಡದ ಬೇನೆಗಾಗಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಔಷಧವನ್ನು ತೆಗೆದುಕೊಳ್ಳುತ್ತಿದ್ದ ಬಾಲಿಕೆ. ಆ ಔಷಧವು ಬೇನೆಯನ್ನು ಹದ್ದಿನಲ್ಲಿಡುವುದರ ಜೊತೆಗೆ ರೋಗದೊಡನೆ ಹೋರಾಡುವ ದೇಹದ ಬಲವನ್ನೂ ತಗ್ಗಿಸುತ್ತದೆ. ಪರೀಕ್ಷೆ ಮುಗಿಯಿತು, ರಜೆ ಬಂತು. ಎರಡು ವಾರದ ಮೇಲೆ ಈ ಎರಡನೆಯವಳು ಆಸ್ಪತ್ರೆ ಸೇರಿದಳೆಂಬ ಸುದ್ದಿ ಬಂತು. ಗುಳ್ಳೆಗಳು ಮೈಯನ್ನೆಲ್ಲ ಮುಚ್ಚಿ, ಶ್ವಾಸಕೋಶಕ್ಕೂ ತಗುಲಿತ್ತು. ಮೂರು ವಾರ ಅವಳ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದರು. ಹುಡುಗಿ ಬದುಕಿದಳು. ಆದರೆ ಅಲ್ಲಿದ್ದ ವೈದ್ಯರು ಹೇಳಿದ ಒಂದು ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ: ಸೋಂಕು ತಗುಲಿದ ಒಂದೆರಡು ದಿನದಲ್ಲಿ ತಮಗೆ ತಿಳಿಸಿದ್ದರೆ, ರೋಗ ಏಳುವುದಕ್ಕೆ ಮುಂಚೆಯೇ ತಡೆಮದ್ದು ಕೊಡಬಹುದಾಗಿತ್ತೆಂದರು. ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಮೊದಲನೆಯವಳ ತಂದೆಯವರನ್ನು ಕರೆಸಿ ಕೇಳಿದೆವು. ಅವರು ತಲೆ ತಗ್ಗಿಸಲಿಲ್ಲ. "ಪ್ರತಿ ವರ್ಷ ವೇದಿಕೆಯ ಮೇಲೆ ಕರೆದು ಪೂರ್ಣ ಹಾಜರಿಯ ಪದಕ ಕೊಡುವವರು ತಾವೇ ಅಲ್ಲವೇ ಅಮ್ಮಾ? ನಾಲ್ಕು ವರ್ಷದಿಂದ ನನ್ನ ಮಗಳು ಒಂದು ದಿನವೂ ತಪ್ಪಿಸಿಲ್ಲ. ನಾಲ್ಕು ದಿನಕ್ಕಾಗಿ ಅದು ಹೋಗುವುದು ಬೇಡವೆಂದು ಅವಳೇ ಅತ್ತಳು," ಎಂದರು.

ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪದಕವನ್ನು ನಾವು ಬಹಳ ವರ್ಷಗಳಿಂದ ಹೆಮ್ಮೆಯಿಂದ ಕೊಡುತ್ತ ಬಂದಿದ್ದೆವು. ಜ್ವರ ಬಂದರೂ ಬಂದವಳನ್ನು ಶ್ರದ್ಧಾವಂತೆಯೆಂದು ಹೊಗಳಿದ್ದೆವು. ಯೋಚಿಸಿ ನೋಡಿದರೆ, ವರ್ಷವಿಡೀ ಕಾಯಿಲೆ ಬೀಳದಿರುವುದು ಬಾಲಿಕೆಯ ಅದೃಷ್ಟವೇ ಹೊರತು ಗುಣವಲ್ಲ; ಕಾಯಿಲೆ ಬಿದ್ದೂ ಬರುವುದು ಗುಣವಂತೂ ಅಲ್ಲವೇ ಅಲ್ಲ. ಮರುವರ್ಷದಿಂದ ಪದಕವನ್ನು ನಿಲ್ಲಿಸಿದೆವು. ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿನಿಯರು ಕೆಲವರು ಬೇಸರದಿಂದ ಕಾಗದ ಬರೆದರು. ಅವರ ಪದಕಗಳಿಗೆ ನಾವು ಕಳಂಕ ಹಚ್ಚುತ್ತಿಲ್ಲ. ನಡೆದ ಸಂಗತಿಯನ್ನು ಇಂದು ಮೊದಲ ಸಲ ಅವರಿಗೆ ತಿಳಿಸುತ್ತಿದ್ದೇವೆ.

ಸೀತಾಳೆ ಸಿಡುಬಿನಲ್ಲಿ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲಿಂದ ಹಿಡಿದು, ಕಡೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಅಂಟುವ ಶಕ್ತಿಯಿರುತ್ತದೆ. ಅಲ್ಲಿಯತನಕ ಬಾಲಿಕೆ ಮನೆಯಲ್ಲಿರಬೇಕು. ದಡಾರವಾದರೆ ಗಂಧೆ ಎದ್ದ ದಿನ ಕಳೆದು ಇನ್ನು ನಾಲ್ಕು ದಿನ. ದಡಾರದಷ್ಟು ಬೇಗ ಹರಡುವ ಅಂಟುಜಾಡ್ಯ ಮತ್ತೊಂದಿಲ್ಲ. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯ ಹೊತ್ತು ವಿಷ ನಿಂತಿರುತ್ತದೆ. ಲಸಿಕೆಯಿಲ್ಲದವರ ನಡುವೆ ಒಬ್ಬಳಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಹಬ್ಬಬಹುದೆಂದು ಲೆಕ್ಕ ಹಾಕಿದ್ದಾರೆ. ವಾಸಿಯಾದ ಮೇಲೂ ಬಹುಕಾಲ ಮಗು ಬೇರೆ ರೋಗಗಳಿಗೆ ಸುಲಭವಾಗಿ ಈಡಾಗುತ್ತದೆ.

ಇವೆರಡರ ವಿಷಯದಲ್ಲಿ ನಮ್ಮ ಹಳ್ಳಿಗಳ ಪದ್ಧತಿಯನ್ನು ಹಳಿಯುವವರು ಬಹಳ. ಅಮ್ಮ ಬಂದಿದೆಯೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಹೊರಗೆ ಬಿಡದೆ, ಹೊರಗಿನವರನ್ನು ಒಳಗೆ ಬಿಡದೆ, ತಲೆಗೆ ನೀರು ಹಾಕುವ ದಿನದವರೆಗೂ ಕಾಯುತ್ತಿದ್ದ ಅಜ್ಜಿಯರು ಅಂಟುಜಾಡ್ಯವನ್ನು ಕಟ್ಟಿಹಾಕುವ ಕ್ರಮವನ್ನು ಚೆನ್ನಾಗಿಯೇ ಅರಿತಿದ್ದರೆಂದು ನಮಗೆ ತೋರುತ್ತದೆ. ಸ್ವೆಟರು ತೊಡಿಸಿ ಪರೀಕ್ಷೆಗೆ ಕಳುಹಿಸುವುದಕ್ಕಿಂತ ಬೇವಿನ ಸೊಪ್ಪೇ ಮೇಲು. ಅವರಲ್ಲಿ ತಪ್ಪಿದ್ದುದು ವೈದ್ಯರನ್ನೂ ಹೊರಗೇ ನಿಲ್ಲಿಸಿದುದರಲ್ಲಿ. ದಡಾರ ಬಂದ ಮಗುವಿಗೆ ಎ ಜೀವಸತ್ವವನ್ನು ಎರಡು ದಿನ ಕೊಟ್ಟರೆ ಕಣ್ಣೂ ಪ್ರಾಣವೂ ಉಳಿಯುವ ಸಂಭವ ಹೆಚ್ಚು. ಅದನ್ನು ವೈದ್ಯರಿಂದಲೇ ಪಡೆಯಬೇಕು. ಬಾಯಿಗೆ ಪಥ್ಯವೆಂದು ಊಟ ನಿಲ್ಲಿಸುವುದು ಕೂಡದು.

ಮಂಗನಬಾವಿಗೆ ಬಾವು ಕಂಡ ಮೇಲೆ ಐದು ದಿನ, ವಾಂತಿಭೇದಿಗೆ ಅದು ನಿಂತ ಮೇಲೆ ಎರಡು ದಿನ ಮನೆಯಲ್ಲಿರತಕ್ಕದ್ದು. ನಾಯಿಕೆಮ್ಮಿಗೆ ವೈದ್ಯರ ಔಷಧ ಪ್ರಾರಂಭವಾಗಿ ಐದು ದಿನ. ಡೆಂಗಿ ಜ್ವರ ಪಕ್ಕದವಳಿಗೆ ಉಸಿರಿನಿಂದ ಅಂಟುವುದಿಲ್ಲವಾದರೂ ಜ್ವರ ಬಿಟ್ಟ ಮರುದಿನವೇ ಅಪಾಯದ ಕಾಲವಾಗಿರಬಹುದಾದುದರಿಂದ, ವೈದ್ಯರು ಸಾಕೆನ್ನುವವರೆಗೂ ಆ ಬಾಲಿಕೆ ನಮಗೆ ಬೇಡ. ಸಾಮಾನ್ಯ ಜ್ವರದ ನಿಯಮ ಒಂದೇ: ಯಾವ ಮಾತ್ರೆಯ ಸಹಾಯವೂ ಇಲ್ಲದೆ ಇಪ್ಪತ್ತುನಾಲ್ಕು ಗಂಟೆ ಮೈ ತಣ್ಣಗಿರಬೇಕು. ೧೦೦.೪ ಡಿಗ್ರಿಯೂ ಅದರ ಮೇಲೂ ಜ್ವರವೇ. ಬೆಳಿಗ್ಗೆ ಎಂಟು ಗಂಟೆಗೆ ಪ್ಯಾರಸಿಟಮಾಲ್ ನುಂಗಿಸಿ ಕಳುಹಿಸಿದರೆ ಹಾಜರಿ ಕೂಗುವಾಗ ಮೈ ತಣ್ಣಗಿರುತ್ತದೆ. ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೆ ಮಾತ್ರೆ ಇಳಿದು ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಅಷ್ಟರೊಳಗೆ ಮೂರು ಪಿರಿಯಡ್ಡುಗಳ ಕಾಲ ಅವಳ ಸುತ್ತಲಿನವರು ಅದೇ ಗಾಳಿಯನ್ನು ಉಸಿರಾಡಿರುತ್ತಾರೆ. ಇದನ್ನು ಮಾಡುವ ತಾಯಂದಿರು ಕಠಿಣಹೃದಯದವರಲ್ಲ. ಕೆಲಸಕ್ಕೆ ರಜೆ ಸಿಕ್ಕುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳಲು ಮತ್ತೊಬ್ಬರಿಲ್ಲ. ಅಂಥವರು ದಯಮಾಡಿ ನಮಗೆ ಮುಂಚಿತವಾಗಿ ಹೇಳಿರಿ. ಕಚೇರಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಮಂಚವಿದೆ. ಅಲ್ಲಿ ಮಲಗಿಸಿಕೊಳ್ಳುವುದು ಮನೆಗೆ ಸಮವಲ್ಲ. ಆದರೂ ತರಗತಿಯಲ್ಲಿ ಮುಚ್ಚಿಟ್ಟುಕೊಂಡು ಕೂರುವುದಕ್ಕಿಂತ ಮೇಲು.

ಹೇನಿನ ವಿಷಯದಲ್ಲಿ ನಾವು ಹಿಂದೆ ಅನ್ಯಾಯ ಮಾಡಿದ್ದೇವೆ. ತಲೆಯಲ್ಲಿ ಹೇನು ಕಂಡರೆ ಹುಡುಗಿಯನ್ನು ಎಲ್ಲರೆದುರಿಗೆ ಎಬ್ಬಿಸಿ ಮನೆಗೆ ಕಳುಹಿಸುತ್ತಿದ್ದ ಕಾಲವಿತ್ತು. ಉದ್ದ ಜಡೆಯ ಹುಡುಗಿಯರು ತಲೆಗೆ ತಲೆ ತಾಗಿಸಿ ಕೂರುವಲ್ಲಿ ಹೇನು ಬಾರದಿರುವುದೇ ಆಶ್ಚರ್ಯ. ಅದಕ್ಕೂ ಮನೆಯ ಶುಚಿತ್ವಕ್ಕೂ ಸಂಬಂಧವಿಲ್ಲ. ಅದಕ್ಕಾಗಿ ಒಂದು ದಿನದ ಪಾಠವೂ ತಪ್ಪಬೇಕಾಗಿಲ್ಲ. ಸಂಜೆ ಒದ್ದೆ ಕೂದಲನ್ನು ಸೀರಣಿಗೆಯಿಂದ ಬಾಚಿ, ಎರಡು ವಾರ ಬಿಡದೆ ಹಾಗೆ ಮಾಡಿದರೆ ಸೀರೂ ಹೋಗುತ್ತದೆ. ಕಜ್ಜಿಯಾದರೆ ಮನೆಯವರೆಲ್ಲರೂ ಒಂದೇ ರಾತ್ರಿ ಔಷಧ ಹಚ್ಚಿಕೊಂಡು ಹಾಸಿಗೆಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮರುದಿನ ಹುಡುಗಿ ಬರಬಹುದು. ಅವಳೊಬ್ಬಳಿಗೇ ಹಚ್ಚಿದರೆ ತಂಗಿಯಿಂದ ಅದು ಮತ್ತೆ ಬರುತ್ತದೆ.

ಔಷಧದ ವಿಷಯ. ಪುಸ್ತಕದ ಹಾಳೆಯಲ್ಲಿ ಸುತ್ತಿದ ಎರಡು ಬಿಳಿ ಮಾತ್ರೆಗಳನ್ನು ಹುಡುಗಿಯ ಕೈಯಲ್ಲಿ ಕೊಟ್ಟು "ಹನ್ನೆರಡು ಗಂಟೆಗೆ ಮಿಸ್ ಕೊಡುತ್ತಾರೆ" ಎಂದು ಹೇಳಿ ಕಳುಹಿಸುವುದುಂಟು. ನಾವು ಕೊಡುವುದಿಲ್ಲ. ಆ ಮಾತ್ರೆ ಯಾವುದೆಂದು ನಮಗೆ ತಿಳಿಯದು, ಹುಡುಗಿಗೂ ತಿಳಿಯದು. ವೈದ್ಯರ ಚೀಟಿಯ ನಕಲು, ಅಂಗಡಿಯಿಂದ ಬಂದ ಪೊಟ್ಟಣವೇ, ಅದರ ಮೇಲೆ ಬಾಲಿಕೆಯ ಹೆಸರು, ಕೊಡಬೇಕಾದ ಹೊತ್ತು, ಪೋಷಕರ ಸಹಿ, ಇವಿಷ್ಟಿದ್ದರೆ ನಾವು ಬೀರುವಿನಲ್ಲಿಟ್ಟು ಹೊತ್ತಿಗೆ ಸರಿಯಾಗಿ ಕೊಟ್ಟು ಪುಸ್ತಕದಲ್ಲಿ ಬರೆದಿಡುತ್ತೇವೆ. ಆಸ್ಪಿರಿನ್ನನ್ನು ಮಾತ್ರ ವೈದ್ಯರ ಬರಹವಿಲ್ಲದೆ ಯಾರು ಹೇಳಿದರೂ ಕೊಡುವುದಿಲ್ಲ. ಜ್ವರದ ಮಕ್ಕಳಿಗೆ ಅದು ಅಪಾಯ. ಉಬ್ಬಸದ ಬಾಲಿಕೆಯ ಇನ್‌ಹೇಲರು ಈ ನಿಯಮಕ್ಕೆ ಹೊರತು. ಅದು ಬೀರುವಿನಲ್ಲಲ್ಲ, ಅವಳ ಚೀಲದಲ್ಲೇ ಇರಬೇಕು. ಅದನ್ನು ಸೇದಿದರೆ ಚಟವಾಗುತ್ತದೆಂಬುದು ಸುಳ್ಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಬಾಲಿಕೆಯ ಹೆಸರನ್ನು ಅವಳ ಉಪಾಧ್ಯಾಯಿನಿಯರೆಲ್ಲರೂ ತಿಳಿದಿರುತ್ತಾರೆ. ಅವಳು ಬೆವತು ನಡುಗಿದರೆ ಮೊದಲು ಸಕ್ಕರೆ, ಆಮೇಲೆ ಪ್ರಶ್ನೆ. ಮೂರ್ಛೆರೋಗವನ್ನು ಮಾತ್ರ ಪೋಷಕರು ಈಗಲೂ ನಮ್ಮಿಂದ ಮರೆಸುತ್ತಾರೆ, ಮದುವೆಯ ಮಾತಿಗೆ ಅಡ್ಡಿಯಾದೀತೆಂದು. ಆ ಗುಟ್ಟನ್ನು ನಾವು ಕಾಪಾಡ ಬಲ್ಲೆವು. ತಿಳಿಸದಿದ್ದರೆ, ಅಂಗಳದಲ್ಲಿ ಹುಡುಗಿ ಬಿದ್ದಾಗ ಯಾರೋ ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಾರೆ, ಮತ್ತೊಬ್ಬರು ಬಾಯಿಗೆ ನೀರು ಹಾಕುತ್ತಾರೆ. ತಿಳಿದಿದ್ದರೆ ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದನ್ನಿಟ್ಟು, ಗಡಿಯಾರ ನೋಡುತ್ತೇವೆ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುತ್ತೇವೆ.

ವಾರಕ್ಕೊಂದು ಕೊಡುವ ನೀಲಿಯ ಕಬ್ಬಿಣದ ಮಾತ್ರೆಯ ಬಗೆಗೆ ದೂರುಗಳು ಬರುತ್ತವೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಮೆ. ಕಪ್ಪಾಗುವುದು ಕಬ್ಬಿಣದ ಗುಣ, ಹೆದರಬೇಕಾದ್ದಿಲ್ಲ. ಹಿಂದೆಯೇ ಕಾಫಿ ಕುಡಿಸಿದರೆ ಮಾತ್ರೆ ದಂಡ. ೨೦೧೯ರಿಂದ ೨೦೨೧ರವರೆಗೆ ದೇಶದಲ್ಲೆಲ್ಲ ನಡೆದ ಪರೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತ ಕಡಮೆಯಿತ್ತು. ಸೋಮಾರಿಯೆಂದು ನಾವು ಬೈದವರಲ್ಲಿ ಎಷ್ಟು ಮಂದಿ ಇಂಥವರೋ. ಆದರೆ ಈ ಮಾತ್ರೆ ಮಿಠಾಯಿಯಲ್ಲ. ೨೦೨೩ರಲ್ಲಿ ಉದಕಮಂಡಲದಲ್ಲಿ ಹುಡುಗಿಯರು ಪಂತಕಟ್ಟಿ ಇವನ್ನು ಹಿಡಿಹಿಡಿಯಾಗಿ ನುಂಗಿ, ಅವರಲ್ಲೊಬ್ಬಳು ತೀರಿಕೊಂಡಳು. ಅಂದಿನಿಂದ ಪೊಟ್ಟಣವನ್ನು ಬಾಲಿಕೆಯರ ಕೈಗೆ ಕೊಡುವುದಿಲ್ಲ. ಒಂದು ಮಾತ್ರೆ, ಒಂದು ಲೋಟ ನೀರು, ಉಪಾಧ್ಯಾಯಿನಿಯ ಎದುರಿಗೆ. ಮನೆಗೆ ಕೊಟ್ಟಿರುವುದನ್ನು ತಾವೂ ಮೇಲಿನ ಗೂಡಿನಲ್ಲಿಡಿರಿ.

ತಿಂಗಳ ದಿನಗಳ ವಿಷಯವನ್ನು ಇಂಥ ಸಂಚಿಕೆಗಳಲ್ಲಿ ಬರೆಯುವ ವಾಡಿಕೆಯಿಲ್ಲ. ಆದರೂ ತಿಂಗಳಿಗೆ ಮೂರು ದಿನ ತಪ್ಪಿಸುವವಳು ವರ್ಷಕ್ಕೆ ಒಂದು ತಿಂಗಳ ಪಾಠವನ್ನೇ ಕಳೆದುಕೊಳ್ಳುತ್ತಾಳೆಂಬುದು ಹಾಜರಿ ಪುಸ್ತಕದಲ್ಲೇ ಕಾಣುತ್ತದೆ. ಹೊರಗೆ ಕೂರುವುದು ಕಾಯಿಲೆಯಲ್ಲ; ಅದಕ್ಕಾಗಿ ಶಾಲೆ ಬಿಡಬೇಕಾಗಿಲ್ಲ. ಬೇಕಾದ ಬಟ್ಟೆ, ಪ್ಯಾಡು, ನೀರು, ಬಾಗಿಲಿಗೆ ಚಿಲಕ ಎಲ್ಲವೂ ನಮ್ಮಲ್ಲುಂಟು. ನಡೆಯಲಾಗದಂತೆ ಹೊಟ್ಟೆ ನೋಯುವುದು, ವಾರ ಮೀರಿ ಹೋಗುವುದು, ಗಂಟೆಗೊಮ್ಮೆ ಬದಲಿಸಬೇಕಾಗುವುದು, ಇವು ಮಾತ್ರ ಕಾಯಿಲೆಯೇ. ಹೆಣ್ಣಾದ ಮೇಲೆ ಸಹಿಸಬೇಕೆಂದು ಹೇಳದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮಗಳು ಬಾರದ ದಿನ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಶಾಲೆಗೆ ತಿಳಿಸಿರಿ. ಜ್ವರವೆಂದಷ್ಟೇ ಹೇಳದೆ, ಗಂಧೆಯೋ ಗುಳ್ಳೆಯೋ ಕೆಮ್ಮೋ ಎಂಬುದನ್ನೂ ಹೇಳಿರಿ. ಅದನ್ನು ತರಗತಿಯಲ್ಲಿ ಹೆಸರು ಹಿಡಿದು ಹೇಳುವುದಿಲ್ಲ; ಔಷಧದ ಮೇಲಿರುವ ಬಾಲಿಕೆಯರ ಮನೆಗಳಿಗೂ, ಬಸುರಿಯರಾದ ಉಪಾಧ್ಯಾಯಿನಿಯರಿಗೂ ಅದೇ ದಿನ ಸುದ್ದಿ ಮುಟ್ಟಿಸುತ್ತೇವೆ. ತಪ್ಪಿದ ಪರೀಕ್ಷೆಯನ್ನು ಅವಳು ಹಿಂದಿರುಗಿದ ವಾರದಲ್ಲಿ ಬೇರೆಯಾಗಿ ಬರೆಯಿಸುತ್ತೇವೆ, ಅಂಕಗಳನ್ನು ಕಳೆಯುವುದಿಲ್ಲ. ಪಾಠವನ್ನು ಅವಳ ಬೀದಿಯ ಕಡೆಯವಳೊಬ್ಬಳು ಬರೆದುಕೊಂಡು ಸಂಜೆ ಮನೆಯ ಬಾಗಿಲಲ್ಲಿ ಕೊಟ್ಟು ಹೋಗುತ್ತಾಳೆ, ಒಳಗೆ ಬರುವುದಿಲ್ಲ.